ಚಿತ್ರಗಾರ ಹೋದ, ಮುಖಪುಟ ಉಳಿಯಿತು

ಪತ್ರಿಕೆಯಲ್ಲಿ ವ್ಯಂಗ್ಯಚಿತ್ರ ಕಂಡೊಡನೆ ಮೂಲೆಯ ಸಹಿಯನ್ನು ನೋಡಿ, ‘ಭಲೆ, ಚೆನ್ನಾಗಿ ಕುಟುಕಿದ್ದಾನೆ’ ಎನ್ನುತ್ತೇವೆ. ಕುಟುಕಿದವನು ಸಹಿ ಹಾಕಿದವನೇ ಎಂದು ನಾನೂ ಬಹುಕಾಲ ನಂಬಿದ್ದೆ. ಲಂಡನ್ನಿನ ‘ಪಂಚ್’ ವಾರಪತ್ರಿಕೆಯ ಚರಿತ್ರೆ ಓದಿದ ಮೇಲೆ ಆ ನಂಬಿಕೆ ಸಡಿಲವಾಯಿತು.

1841ರಲ್ಲಿ ಹುಟ್ಟಿದ ಈ ಪತ್ರಿಕೆಯಿಂದಲೇ ‘ಕಾರ್ಟೂನ್’ ಎಂಬ ಮಾತಿಗೆ ನಾವು ಬಲ್ಲ ಅರ್ಥ ಬಂದದ್ದು. ಅಲ್ಲಿ ವಾರದ ದೊಡ್ಡ ಚಿತ್ರದ ವಿಷಯ ಗೊತ್ತಾಗುತ್ತಿದ್ದುದು ಚಿತ್ರಗಾರನ ಮೇಜಿನ ಮೇಲಲ್ಲ, ಊಟದ ಮೇಜಿನ ಮೇಲೆ! ಸಂಪಾದಕ, ಬರಹಗಾರರು, ಚಿತ್ರಗಾರರು ವಾರಕ್ಕೊಮ್ಮೆ ಕೂಡಿ ಉಂಡು, ಚುರುಟು ಹಚ್ಚಿ, ಈ ವಾರ ಯಾರಿಗೆ ಪೆಟ್ಟು ಎಂದು ವಾದಿಸುತ್ತಿದ್ದರು. ಜಾನ್ ಟೆನಿಯೆಲ್ ಬುಧವಾರ ರಾತ್ರಿ ವಿಷಯ ಪಡೆದು, ಗುರುವಾರ ಕರಡು ತೆಗೆದು, ಶುಕ್ರವಾರವೆಲ್ಲ ಮರದ ಅಚ್ಚಿನ ಮೇಲೆ ಬಗ್ಗಿ ಬರೆಯುತ್ತಿದ್ದ. ಸಂಜೆ ಅದು ಕೆತ್ತುವವರ ಕೈಸೇರುತ್ತಿತ್ತು. 1857ರ ದಂಗೆಯ ಸಮಯದಲ್ಲಿ ಬಂಗಾಳದ ಹುಲಿಯ ಮೇಲೆ ಎರಗುವ ಬ್ರಿಟಿಷ್ ಸಿಂಹವನ್ನು ಅವನು ಬರೆದ. ಕಲ್ಪನೆ ಬರಹಗಾರ ಷರ್ಲಿ ಬ್ರೂಕ್ಸನದು. ಕೀರ್ತಿಯೂ, ನಮ್ಮವರ ಸಿಟ್ಟೂ ಟೆನಿಯೆಲ್‌ನ ಪಾಲಿಗೆ. ಐವತ್ತು ವರ್ಷ ಹೀಗೆ ದುಡಿದು 1901ರಲ್ಲಿ ನಿವೃತ್ತನಾದ.

ಅವನ ಮೇಲೆ ನನಗೆ ಗೌರವವಿದೆ. ಪ್ರೀತಿ ಮಾತ್ರ ಅವನಿಗಿಂತ ಮೊದಲು ಆ ಜಾಗದಲ್ಲಿದ್ದ ರಿಚರ್ಡ್ ಡಾಯ್ಲ್‌ನ ಮೇಲೆ. ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಕಾನನ್ ಡಾಯ್ಲ್‌ಗೆ ಈತ ದೊಡ್ಡಪ್ಪ. ಸಹಿಯ ಮೇಲೊಂದು ಪುಟ್ಟ ಹಕ್ಕಿ ಕೂರಿಸುವ ಹುಡುಗಾಟದವನು. ‘ಪಂಚ್’ನ ಮುಖಪುಟ ಬರೆದವನು ಅವನೇ: ನಡುವೆ ಡೊಂಕುಮೂಗಿನ ಪಂಚ್, ಪಕ್ಕದಲ್ಲಿ ನಾಯಿ ಟೋಬಿ, ಸುತ್ತಲೂ ಲಾಗ ಹಾಕುವ ಕಿನ್ನರರು.

1850ರಲ್ಲಿ ಪೋಪ್ ಇಂಗ್ಲೆಂಡಿನಲ್ಲಿ ಮತ್ತೆ ಬಿಷಪ್ಪರನ್ನು ನೇಮಿಸಿದಾಗ ದೇಶವೆಲ್ಲ ಕೂಗೆದ್ದಿತು. ‘ಪಂಚ್’ ಎಲ್ಲರಿಗಿಂತ ಜೋರಾಗಿ ಕೂಗಿತು. ಡಾಯ್ಲ್ ಕ್ಯಾಥೊಲಿಕ್. ಚುಚ್ಚುವ ಚಿತ್ರಗಳನ್ನು ಬರೆದವರು ಬೇರೆಯವರು. ಇವನು ಕಣ್ಣು ಮುಚ್ಚಿಕೊಂಡು ತನ್ನ ಕಿನ್ನರರನ್ನು ಬರೆಯುತ್ತ ಕೂರಬಹುದಿತ್ತು. ಕೂರಲಿಲ್ಲ. ಇಪ್ಪತ್ತಾರರ ವಯಸ್ಸಿನಲ್ಲಿ, ಒಳ್ಳೆಯ ವರಮಾನ ಬಿಟ್ಟು, ರಾಜೀನಾಮೆ ಕೊಟ್ಟು ಹೊರಟ. ಆ ತೆರವಿಗೇ ಟೆನಿಯೆಲ್ ಬಂದದ್ದು.

ಡಾಯ್ಲ್ ಪತ್ರಿಕೆಯನ್ನು ಬಿಟ್ಟ. ಪತ್ರಿಕೆ ಅವನ ಮುಖಪುಟವನ್ನು ಬಿಡಲಿಲ್ಲ. ಬರೆದ ಚಿತ್ರ ಒಮ್ಮೆ ಅಚ್ಚಿನ ಮನೆ ಸೇರಿದರೆ ಅದು ಯಾರ ಸ್ವತ್ತು? 1956ರವರೆಗೆ, ಒಂದು ಶತಮಾನಕ್ಕೂ ಮೇಲೆ, ವಾರವಾರವೂ ಅದನ್ನೇ ಅಚ್ಚು ಹಾಕಿದರು. ಆ ಚಳಿಗಾಲದಲ್ಲಿ ಪೋಪನನ್ನು ಹಂಗಿಸಿದ ಸಂಚಿಕೆಗಳೂ ಡಾಯ್ಲ್‌ನ ಮುಖಪುಟವನ್ನೇ ಹೊದ್ದು ಬೀದಿಗೆ ಬಂದವು.