ಕಳ್ಳರ ಶಾಸ್ತ್ರವಲ್ಲ, ನ್ಯಾಯದ ಶಾಸ್ತ್ರ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. "ಸರ, ಮಗಳು ಅಪರಾಧಶಾಸ್ತ್ರ ಓದ್ತೀನಿ ಅಂತ ಹಟ ಹಿಡದಾಳ್ರಿ. ಅದನ್ನ ಓದಿದ್ರ ಮುಂದ ಏನ್ ಆಗ್ತದ್ರಿ? ನೀವಽ ಆಕಿಗೆ ಒಂದು ಮಾತು ಹೇಳ್ರಿ" ಎಂದ. ನಾನು ಕ್ಷಣಕಾಲ ಸುಮ್ಮನಾದೆ. ಸುಮಾರು ಮೂವತ್ತು ವರ್ಷಗಳ ಹಿಂದೆ, ಬಿ.ಎಸ್ಸಿ. ಮುಗಿಸಿದ ಇದೇ ಹುಡುಗ ಇದೇ ವಿಷಯದ ಸ್ನಾತಕೋತ್ತರ ಪದವಿಗೆಂದು ಧಾರವಾಡದ ಅರ್ಜಿಯನ್ನು ಹಿಡಿದು ನನ್ನ ಮನೆಗೆ ಬಂದಿದ್ದ. "ಕಳ್ಳರ ಶಾಸ್ತ್ರ ಕಲ್ತು ಏನ್ ಮಾಡ್ತೀಯೋ? ಸುಮ್ಮನ ಬಿ.ಎಡ್. ಮಾಡು" ಎಂದು ನಾನು ನಕ್ಕಿದ್ದೆ. ಅವನು ಎದುರಾಡಲಿಲ್ಲ. ಬಿ.ಎಡ್. ಮಾಡಿ ಶಿಕ್ಷಕನಾದ.

ಆ ಶಾಸ್ತ್ರದ ಗಂಧವೂ ಇಲ್ಲದೆ ನಾನು ಅಂದು ತೀರ್ಪು ಕೊಟ್ಟಿದ್ದೆ. ಅದೇ ತಪ್ಪನ್ನು ಎರಡನೆಯ ತಲೆಮಾರಿಗೂ ಮಾಡಬಾರದೆಂದು ಒಂದು ವಾರದ ಅವಕಾಶ ಕೇಳಿ ಓದತೊಡಗಿದೆ. ಓದಿ ತಿಳಿದದ್ದನ್ನು ನಿಮ್ಮೊಡನೆಯೂ ಹಂಚಿಕೊಳ್ಳುತ್ತಿದ್ದೇನೆ.

ಪೊಲೀಸರಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆಸಿದವರಲ್ಲಿ ಮೊದಲಿಗನೆಂದು ಹೆಸರಾದ ಆಗಸ್ಟ್ ವೋಲ್ಮರ್ ಸ್ವತಃ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. 1876ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿದ ಆತ ಫಿಲಿಪ್ಪೀನ್ಸ್‌ನಲ್ಲಿ ಸೈನಿಕನಾಗಿದ್ದು, ಬಳಿಕ ಕ್ಯಾಲಿಫೋರ್ನಿಯದ ಬರ್ಕ್ಲಿ ಎಂಬ ಊರಿನಲ್ಲಿ ಅಂಚೆಯವನಾದ. 1904ರಲ್ಲಿ ಹಿಡಿತ ತಪ್ಪಿ ಓಡುತ್ತಿದ್ದ ಸರಕು ಬಂಡಿಯೊಂದನ್ನು ಹತ್ತಿ ನಿಲ್ಲಿಸಿದ ಸಾಹಸದಿಂದ ಊರವರ ಕಣ್ಣಿಗೆ ಬಿದ್ದ. ಮರುವರ್ಷವೇ ಜನ ಅವನನ್ನು ಊರಿನ ರಕ್ಷಣಾಧಿಕಾರಿಯಾಗಿ ಚುನಾಯಿಸಿದರು. 1909ರಲ್ಲಿ ಆತ ಅಲ್ಲಿನ ಪೊಲೀಸ್ ಮುಖ್ಯಸ್ಥನಾದ.

ಆ ಕಾಲದಲ್ಲಿ ಅಮೆರಿಕದ ಅನೇಕ ಊರುಗಳಲ್ಲಿ ಪೊಲೀಸ್ ಕೆಲಸವೆಂದರೆ ರಾಜಕಾರಣಿಗಳು ತಮ್ಮವರಿಗೆ ಹಂಚುವ ಪ್ರಸಾದ. ತರಬೇತಿಯೆಂಬುದು ಹೆಸರಿಗೂ ಇರಲಿಲ್ಲ. ಶಂಕಿತನಿಗೆ ಹೊಡೆದು ಬಾಯಿಬಿಡಿಸುವುದೇ ತನಿಖೆ ಎನಿಸಿಕೊಂಡಿತ್ತು. ವೋಲ್ಮರ್ ಅದನ್ನು ಒಪ್ಪಲಿಲ್ಲ. 1908ರಲ್ಲಿ ತನ್ನ ಸಿಬ್ಬಂದಿಗಾಗಿ ಪೊಲೀಸ್ ಶಾಲೆಯನ್ನು ತೆರೆದ. 1916ರಲ್ಲಿ ಕಾನೂನು ಪ್ರಾಧ್ಯಾಪಕ ಅಲೆಕ್ಸಾಂಡರ್ ಕಿಡ್ ಅವರೊಡನೆ ಸೇರಿ, ಅಲ್ಲಿಯ ವಿಶ್ವವಿದ್ಯಾಲಯದಲ್ಲಿಯೇ ಈ ವಿಷಯದ ಪಾಠಗಳನ್ನು ಆರಂಭಿಸಿದ. ಕಾಲೇಜು ಓದುವ ಹುಡುಗರನ್ನು ಪೊಲೀಸ್ ಕೆಲಸಕ್ಕೆ ಸೇರಿಸಿಕೊಂಡ. "ಕಾಲೇಜು ಪೊಲೀಸರು" ಎಂದು ಜನ ಹಂಗಿಸಿದರಂತೆ. ನನ್ನ "ಕಳ್ಳರ ಶಾಸ್ತ್ರ"ವೂ ಅದೇ ಜಾತಿಯ ಹಂಗಿನ ಮಾತಲ್ಲವೇ!

ಪ್ರಾಥಮಿಕ ಶಾಲೆಯ ಆಚೆಗೆ ಹೆಚ್ಚು ಓದದ ಈತ 1929ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದ. ಅವನ ಶಿಷ್ಯ ಓ. ಡಬ್ಲ್ಯು. ವಿಲ್ಸನ್, 1950ರಲ್ಲಿ ಬರ್ಕ್ಲಿಯಲ್ಲಿ ಸ್ಥಾಪನೆಯಾದ ಅಪರಾಧಶಾಸ್ತ್ರ ಶಾಲೆಯ ಮುಖ್ಯಸ್ಥನಾದ. ಆದರೆ ಜ್ಞಾನವು ಕೈಗೆ ಬಂದ ಮೇಲೆ ಅದನ್ನು ಕೊಟ್ಟವರನ್ನೂ ಪ್ರಶ್ನಿಸುತ್ತದೆ. ಮುಂದೆ ಅದೇ ಶಾಲೆಯ ಕೆಲವು ಅಧ್ಯಾಪಕರು ಪೊಲೀಸರನ್ನೂ ಸೆರೆಮನೆಗಳನ್ನೂ ಕಟುವಾಗಿ ವಿಮರ್ಶಿಸತೊಡಗಿದರು. ವಿವಾದಗಳ ನಡುವೆ 1976ರಲ್ಲಿ ಆ ಶಾಲೆಯೇ ಮುಚ್ಚಿತು. ಅಷ್ಟರಲ್ಲಿ ಬೀಜ ದೇಶವೆಲ್ಲ ಹರಡಿತ್ತು. ನ್ಯೂಯಾರ್ಕಿನಲ್ಲಿ 1964ರಲ್ಲಿ ಪ್ರಾರಂಭವಾದ ಜಾನ್ ಜೇ ಕಾಲೇಜು ಇಂದಿಗೂ ಈ ವಿಷಯಕ್ಕೆ ಹೆಸರುವಾಸಿಯಾಗಿದೆ.

ಇನ್ನು ನಮ್ಮ ದೇಶ. ಬೆರಳಚ್ಚಿನ ವಿದ್ಯೆಗೆ ಭಾರತವೇ ತೊಟ್ಟಿಲು ಎಂದರೆ ಅತಿಶಯೋಕ್ತಿಯಲ್ಲ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ವಿಭಾಗ ಸ್ಥಾಪನೆಯಾಯಿತು. ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡಿನಲ್ಲಿ ಅಂಥದೊಂದು ವಿಭಾಗ ತೆರೆದದ್ದು 1901ರಲ್ಲಿ. ಬೆರಳಚ್ಚುಗಳ ವರ್ಗೀಕರಣವನ್ನು ಶ್ರಮಪಟ್ಟು ರೂಪಿಸಿದವರಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಭಾರತೀಯರಿದ್ದರು. ಆದರೆ ಆ ಪದ್ಧತಿಗೆ ಹೆಸರು ಬಂದದ್ದು ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದು!

ಸ್ವಾತಂತ್ರ್ಯಾನಂತರ, 1951-52ರಲ್ಲಿ, ವಿಶ್ವಸಂಸ್ಥೆಯ ತಜ್ಞರಾಗಿ ವಾಲ್ಟರ್ ರೆಕ್ಲೆಸ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಬಂದು ನಮ್ಮ ಸೆರೆಮನೆಗಳನ್ನು ಅಧ್ಯಯನ ಮಾಡಿದರು. ಸೆರೆಮನೆ ಬರಿಯ ದಂಡನೆಯ ತಾಣವಾಗದೆ ಸುಧಾರಣೆಯ ತಾಣವಾಗಬೇಕು, ಅದಕ್ಕೆ ತರಬೇತಿ ಪಡೆದ ಸಿಬ್ಬಂದಿ ಬೇಕು ಎಂಬುದು ಅವರ ಸಲಹೆಯ ತಿರುಳು. 1958ರಲ್ಲಿ ಅಪರಾಧಿಗಳ ಪರಿವೀಕ್ಷಣಾ ಕಾಯಿದೆ ಬಂದಿತು. ತಪ್ಪಿತಸ್ಥನನ್ನು ಸೆರೆಗೆ ತಳ್ಳದೆ, ಒಬ್ಬ ಅಧಿಕಾರಿಯ ಕಣ್ಗಾವಲಿನಲ್ಲಿ ಬದುಕಗೊಡುವ ದಾರಿ ಅದರಿಂದ ವಿಸ್ತರಿಸಿತು. 1959ರಲ್ಲಿ ಮಧ್ಯಪ್ರದೇಶದ ಸಾಗರ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗ ಪ್ರಾರಂಭವಾಯಿತು. ಬಳಿಕ ಮದ್ರಾಸು ವಿಶ್ವವಿದ್ಯಾಲಯ, ನಮ್ಮ ಕರ್ನಾಟಕ ವಿಶ್ವವಿದ್ಯಾಲಯಗಳಲ್ಲಿಯೂ ಈ ಅಧ್ಯಯನ ಬೇರೂರಿತು. ಧಾರವಾಡದಲ್ಲಿಯೇ ಅದಿದ್ದರೂ ನಾನು ಅದರ ಬಾಗಿಲಲ್ಲಿ ಇಣುಕಿ ನೋಡಿದವನಲ್ಲ.

ವಾರ ಕಳೆದ ಮೇಲೆ ಆ ಹುಡುಗಿಯೊಡನೆ ಮಾತಾಡಿದೆ. ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದೆ. ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಆಗಲು ಇದೇ ಪದವಿ ಬೇಕೆಂದಿಲ್ಲ, ಯಾವ ಪದವಿಯಾದರೂ ಸಾಕು. ಸರ್ಕಾರಿ ಅಭಿಯೋಜಕಿಯಾಗಬೇಕಾದರೆ ಕಾನೂನು ಪದವಿ ಬೇಕೇಬೇಕು. ಪ್ರಯೋಗಾಲಯದ ಕೆಲಸಕ್ಕೆ ವಿಜ್ಞಾನದ ತಳಪಾಯ ಗಟ್ಟಿಯಾಗಿರಬೇಕು. ಬಾಲಾಪರಾಧಿಗಳ ಪುನರ್ವಸತಿ, ಪರಿವೀಕ್ಷಣೆ, ಸೆರೆಮನೆಯ ಸುಧಾರಣೆ, ಸಂಶೋಧನೆ ಇವೂ ದಾರಿಗಳೇ. ಕಾಲೇಜಿನಲ್ಲಿ ಬೋಧಿಸಬಯಸುವವರಿಗೆ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಅಪರಾಧಶಾಸ್ತ್ರವೂ ಒಂದು ವಿಷಯ. ಕೆಲಸಗಳ ಸಂಖ್ಯೆ ದೊಡ್ಡದಲ್ಲ, ನೇಮಕಾತಿಗೆ ಕಾಯಬೇಕಾದೀತು ಎಂಬುದನ್ನೂ ಮುಚ್ಚಿಡಲಿಲ್ಲ.

ಆದರೆ ಕಾಲ ಬದಲಾಗುತ್ತಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯಿರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕೆಂದು ವಿಧಿಸಿದೆ. ಇದನ್ನು ಅಳವಡಿಸಿಕೊಳ್ಳಲು ರಾಜ್ಯಗಳಿಗೆ ಐದು ವರ್ಷಗಳ ಅವಧಿಯಿದೆ. ಇಷ್ಟು ತಜ್ಞರು ಎಲ್ಲಿಂದ ಬರಬೇಕು? ಇಂಥ ಮಕ್ಕಳಿಂದಲೇ ಬರಬೇಕು.

ಹೊಡೆದು ಬಾಯಿಬಿಡಿಸುವ ತನಿಖೆಗೂ ಕೂದಲೆಳೆಯನ್ನು ಹುಡುಕಿ ಪರೀಕ್ಷಿಸುವ ತನಿಖೆಗೂ ನಡುವಿನ ಅಂತರವೇ ವಿದ್ಯೆ. ನಿರಪರಾಧಿಯೊಬ್ಬ ಸೆರೆಮನೆಯಿಂದ ಉಳಿಯುವುದೂ ಆ ಅಂತರದಲ್ಲಿಯೇ. ಇದನ್ನು ಕಳ್ಳರ ಶಾಸ್ತ್ರವೆಂದು ಕರೆದವನು ನಾನು.

ಮಾತು ಮುಗಿದ ಮೇಲೆ ತಂದೆ ದೂರವಾಣಿಯನ್ನು ತೆಗೆದುಕೊಂಡ. "ಅವತ್ತು ನೀವು ಬ್ಯಾಡ ಅಂದಿದ್ರಿ, ನೆನಪದ ಏನ್ರಿ ಸರ?" ಎಂದು ಕೇಳಿದ.

"ನೆನಪದ. ಅವತ್ತು ತಿಳೀದ ಹೇಳಿದ್ದೆಪ್ಪಾ, ತಪ್ಪಾತು" ಎಂದೆ.

ಆತ ನಕ್ಕು, "ಅದಕ್ಕಽ ನಿಮಗ ಫೋನ್ ಮಾಡೀನ್ರಿ" ಎಂದ.

ಅವಳು ಈಗ ಅರ್ಜಿ ತುಂಬಿದ್ದಾಳೆ.