ಲಿಂಕರ್ ಉಳಿಸಿದ ನಾಲ್ಕು ಬೈಟು, ಬಿದ್ದುಹೋದ ಪ್ರೋಗ್ರಾಂ: ರಿಸ್ಕ್-ಫೈವ್‌ನ ಒಂದು ತಲೆನೋವು

ಪ್ರೋಗ್ರಾಂ ಕಂಪೈಲ್ ಆಗುತ್ತೆ, ಎಚ್ಚರಿಕೆ ಒಂದೂ ಬರಲ್ಲ. ಬೋರ್ಡಿಗೆ ಹಾಕಿದರೆ ಮೊದಲ ಗ್ಲೋಬಲ್ ವೇರಿಯಬಲ್ ಮುಟ್ಟಿದ ಕೂಡಲೇ ನಿಂತುಹೋಗುತ್ತೆ. ಸಿ ಕೋಡ್ ಸರಿ ಇದೆ, ಕಂಪೈಲರ್ ಸರಿ ಇದೆ, ಚಿಪ್ ಕೂಡ ಸರಿ ಇದೆ. ರಿಸ್ಕ್-ಫೈವ್ ಪ್ರೊಸೆಸರ್ ಮೇಲೆ ಸ್ಟಾರ್ಟಪ್ ಕೋಡನ್ನು ಕೈಯಾರೆ ಬರೆಯುವವರು ಇಲ್ಲಿ ಸಿಕ್ಕಿಬೀಳೋದು ಹೊಸದೇನಲ್ಲ. ತಪ್ಪು ಹುಟ್ಟಿರುವುದು ಯಾರೂ ತಿರುಗಿ ನೋಡದ ಜಾಗದಲ್ಲಿ, ಲಿಂಕರ್‌ನಲ್ಲಿ.

ಲಿಂಕರ್ ಅಂದರೆ ಕಂಪೈಲರ್ ಬೇರೆ ಬೇರೆಯಾಗಿ ತಯಾರಿಸಿಕೊಟ್ಟ ಆಬ್ಜೆಕ್ಟ್ ಫೈಲುಗಳನ್ನು ಜೋಡಿಸಿ, ಯಾವ ಫಂಕ್ಷನ್ ಎಲ್ಲಿ ಕೂರಬೇಕು, ಯಾವ ವೇರಿಯಬಲ್‌ನ ವಿಳಾಸ ಏನು ಅಂತ ಕೊನೆಗೆ ತೀರ್ಮಾನಿಸುವ ಸಾಧನ. ನಮ್ಮ ಲ್ಯಾಪ್‌ಟಾಪುಗಳ ಎಕ್ಸ್86 ಪ್ರೊಸೆಸರಿನಲ್ಲಿ ಇದು ಬಹುತೇಕ ಖಾಲಿ ಬಿಟ್ಟ ಜಾಗದಲ್ಲಿ ವಿಳಾಸ ತುಂಬುವ ಕೆಲಸ. ಅಲ್ಲಿಯೂ ಕೆಲವೊಮ್ಮೆ ಸೂಚನೆಗಳು ಬದಲಾಗುತ್ತವೆ, ಆದರೆ ಅಳತೆ ಬದಲಾಗಲ್ಲ. ರಿಸ್ಕ್-ಫೈವ್‌ನಲ್ಲಿ ಲಿಂಕರ್ ಕೋಡನ್ನೇ ಕತ್ತರಿಸುತ್ತದೆ. ಇದಕ್ಕೆ ಲಿಂಕರ್ ರಿಲ್ಯಾಕ್ಸೇಶನ್ ಅಂತ ಹೆಸರು.

ಯಾಕೆ ಕತ್ತರಿಸಬೇಕು? ದೂರದ ಫಂಕ್ಷನ್ ಒಂದನ್ನು ಕರೆಯಲು ಕಂಪೈಲರ್ ಎರಡು ಸೂಚನೆ ಬರೆಯುತ್ತೆ, ಒಟ್ಟು 8 ಬೈಟು. ಅದರಿಂದ ಆಚೀಚೆ 2 ಜಿಬಿ ದೂರ ಹೋಗಬಹುದು. ಒಂದೇ ಸೂಚನೆಯಾದರೆ 4 ಬೈಟು ಸಾಕು, ಆದರೆ 1 ಎಂಬಿ ಆಚೆ ತಲುಪಲ್ಲ. ಆ ಫಂಕ್ಷನ್ ಕೊನೆಗೆ ಎಲ್ಲಿ ಕೂರುತ್ತೆ ಅಂತ ಕಂಪೈಲರಿಗೆ ಗೊತ್ತಿರಲ್ಲ, ಹಾಗಾಗಿ ಅದು ಉದ್ದದ ರೂಪವನ್ನೇ ಬರೆದು, ಪಕ್ಕದಲ್ಲಿ 'ರಿಲ್ಯಾಕ್ಸ್' ಅನ್ನೋ ಗುರುತು ಇಟ್ಟುಹೋಗುತ್ತೆ. ಲಿಂಕರ್ ದೂರ ಅಳೆದು, ಹತ್ತಿರವೇ ಇದ್ದರೆ ಗಿಡ್ಡ ಮಾಡುತ್ತೆ.

ವೇರಿಯಬಲ್‌ಗಳಿಗೂ ಇಂಥದ್ದೇ ಉಪಾಯವಿದೆ. ಜಿಪಿ ಎಂಬ ರಿಜಿಸ್ಟರನ್ನು ಡೇಟಾ ಇರುವ ಜಾಗದ ನಡುವೆ ಗೂಟ ಹೊಡೆದ ಹಾಗೆ ಇಡುತ್ತಾರೆ. ಅದರಿಂದ ಹಿಂದೆ 2048, ಮುಂದೆ 2047 ಬೈಟಿನೊಳಗೆ ಇರುವ ಯಾವ ವೇರಿಯಬಲ್ಲನ್ನಾದರೂ ಒಂದೇ ಸೂಚನೆಯಲ್ಲಿ ಮುಟ್ಟಬಹುದು. ಮೆಮೊರಿ ಕಡಿಮೆ ಇರುವ ಸಣ್ಣ ಚಿಪ್‌ಗಳಿಗೆ ಇದು ದೊಡ್ಡ ಲಾಭ.

ಸಮಸ್ಯೆ ಶುರುವಾಗೋದೂ ಇಲ್ಲೇ. ಪ್ರೋಗ್ರಾಮಿನ ಮೊಟ್ಟಮೊದಲ ಸಾಲುಗಳಲ್ಲಿ ಜಿಪಿಗೆ ಬೆಲೆ ತುಂಬಬೇಕಲ್ಲ, ಆ ಸೂಚನೆಯನ್ನೂ ಲಿಂಕರ್ ನೋಡುತ್ತೆ. 'ಇವರಿಗೆ ಬೇಕಾದ ವಿಳಾಸ ಜಿಪಿಯಿಂದ ಎಷ್ಟು ದೂರ? ಸೊನ್ನೆ. ಹಾಗಾದರೆ ಗಿಡ್ಡ ಮಾಡೋಣ' ಅಂತ ಲೆಕ್ಕ ಹಾಕಿ, ಎರಡು ಸೂಚನೆಯನ್ನು ಒಂದಕ್ಕೆ ಇಳಿಸುತ್ತೆ. ಕೊನೆಗೆ ಉಳಿಯುವುದು: ಜಿಪಿಗೆ ಸೊನ್ನೆ ಕೂಡಿಸಿ ಜಿಪಿಯಲ್ಲೇ ಇಡು. ಅಂದರೆ ಜಿಪಿಗೆ ಯಾವತ್ತೂ ಬೆಲೆ ಬರಲೇ ಇಲ್ಲ. ಆನ್ ಆದಾಗ ಅದರಲ್ಲಿ ಏನು ಕಸ ಇತ್ತೋ ಅದೇ ಮುಂದುವರಿಯುತ್ತೆ. ತಮಾಷೆ ಅಂದರೆ ಲಿಂಕರ್ ತನ್ನ ನಿಯಮ ಮುರಿದಿಲ್ಲ. ಜಿಪಿ ಆಗಲೇ ಸರಿಯಾಗಿದೆ ಅಂತ ನಂಬಿತು, ಅಷ್ಟೇ.

ಇದನ್ನು ಹಿಡಿಯೋದು ಹೀಗೆ. ಮೊದಲು ನೋ-ರಿಲ್ಯಾಕ್ಸ್ ಆಯ್ಕೆ ಕೊಟ್ಟು ಮತ್ತೊಮ್ಮೆ ಲಿಂಕ್ ಮಾಡಿ. ಪ್ರೋಗ್ರಾಂ ಓಡಿತು ಅಂದರೆ ಅನುಮಾನ ರಿಲ್ಯಾಕ್ಸೇಶನ್ ಮೇಲೆ. ಆಮೇಲೆ ಆಬ್ಜ್‌ಡಂಪ್‌ನಿಂದ ಎರಡೂ ಫೈಲುಗಳ ಮೊದಲ ಹತ್ತಿಪ್ಪತ್ತು ಸಾಲು ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಎಲ್ಲಿ ಸೂಚನೆ ಮಾಯವಾಗಿದೆ ಅಂತ ಕಣ್ಣಿಗೆ ಬೀಳುತ್ತೆ. ಪರಿಹಾರ ಎರಡು ಮೂರು ಸಾಲಿನದು: ಜಿಪಿ ತುಂಬುವ ಸೂಚನೆಯ ಹಿಂದೆ ಮುಂದೆ ಅಸೆಂಬ್ಲರ್‌ನ 'ಆಪ್ಷನ್ ನೋರಿಲ್ಯಾಕ್ಸ್' ಬೇಲಿ ಹಾಕಬೇಕು. ಆಗ ಆ ಜಾಗಕ್ಕೆ ರಿಲ್ಯಾಕ್ಸ್ ಗುರುತೇ ಬೀಳಲ್ಲ. ಲಿನಕ್ಸ್ ಕರ್ನಲ್‌ನ ಆರಂಭದ ಕೋಡಿನಲ್ಲೂ ಜಿಲಿಬ್‌ಸಿಯಲ್ಲೂ ಈ ಬೇಲಿ ಇದೆ.

ಇದು ಪ್ರೋಗ್ರಾಂ ಬರೆಯುವವರು ಸರಿಮಾಡಬಹುದಾದದ್ದು. ಲಿಂಕರ್ ಒಳಗೇ ಕೈಹಾಕಬೇಕಾದ ಜಾತಿಯೂ ಒಂದಿದೆ. ಗ್ನೂ ಲಿಂಕರ್ ಹಲವು ಸುತ್ತು ಓಡುತ್ತೆ, ಓಡುತ್ತಲೇ ಬೈಟು ಅಳಿಸುತ್ತೆ. ಒಂದು ವೇರಿಯಬಲ್ ಜಿಪಿಯಿಂದ 2040 ಬೈಟು ದೂರ ಇದೆ ಅಂದುಕೊಳ್ಳಿ. ಮಿತಿಯೊಳಗಿದೆ, ಕತ್ತರಿಸಿಬಿಡುತ್ತೆ. ಮುಂದಿನ ಸುತ್ತಿನಲ್ಲಿ ಬೇರೆ ಕಡೆ ಕೋಡ್ ಕುಗ್ಗಿ, ಸೆಕ್ಷನ್‌ಗಳ ನಡುವೆ ಅಲೈನ್‌ಮೆಂಟಿಗಾಗಿ ಬಿಡುವ ಜಾಗ ಹಿಗ್ಗಿತು, ದೂರ 2056 ಆಯಿತು. ಅಳಿಸಿದ ಸೂಚನೆ ವಾಪಸ್ ಬರಲ್ಲ. ಕೊನೆಗೆ ಬೆಲೆ ಹಿಡಿಸುತ್ತಿಲ್ಲ ಅಂತ ಎರರ್. ಕೋಡ್ ಕುಗ್ಗಿದರೆ ದೂರ ಕಮ್ಮಿಯೇ ಆಗಬೇಕು ಅನ್ನೋ ಸಹಜ ಊಹೆ ಇಲ್ಲಿ ಕೈಕೊಡುತ್ತೆ.

ಇದಕ್ಕೆ ಗ್ನೂ ಬಿನ್‌ಯುಟಿಲ್ಸ್ ಹಿಡಿದ ದಾರಿ ಎಚ್ಚರಿಕೆಯದು: ದೂರ ಅಳೆಯುವಾಗಲೇ ಸೆಕ್ಷನ್‌ಗಳ ಅತಿ ದೊಡ್ಡ ಅಲೈನ್‌ಮೆಂಟನ್ನು ಲೆಕ್ಕಕ್ಕೆ ಸೇರಿಸಿ, ಆಮೇಲೂ ಮಿತಿಯೊಳಗಿದ್ದರೆ ಮಾತ್ರ ಕತ್ತರಿಸು. ಕೆಲವು ಬೈಟಿನ ಉಳಿತಾಯ ತಪ್ಪುತ್ತೆ, ಹೋಗಲಿ. ಎಲ್‌ಎಲ್‌ವಿಎಂನ ಎಲ್‌ಎಲ್‌ಡಿ ಬೇರೆ ದಾರಿ ಹಿಡಿಯಿತು. ಪ್ರತಿ ಸುತ್ತಿನಲ್ಲಿ ಬರೀ ಲೆಕ್ಕ, ಬೈಟು ತೆಗೆಯೋದು ಎಲ್ಲ ಮುಗಿದ ಮೇಲೆ. ನನ್ನ ಮಟ್ಟಿಗೆ ಇದೇ ಹೆಚ್ಚು ನೇರವಾದ ದಾರಿ. ಆದರೆ ಎಲ್‌ಎಲ್‌ಡಿಗೆ ರಿಸ್ಕ್-ಫೈವ್ ರಿಲ್ಯಾಕ್ಸೇಶನ್ ಬಂದದ್ದೇ 2022ರ 15ನೇ ಆವೃತ್ತಿಯಲ್ಲಿ. ಅದಕ್ಕೂ ಮೊದಲು ಅಲೈನ್‌ಮೆಂಟ್ ಗುರುತು ಎದುರಾದರೆ 'ರಿಲ್ಯಾಕ್ಸ್ ಇಲ್ಲದೆ ಮತ್ತೆ ಕಂಪೈಲ್ ಮಾಡಿ' ಅಂತ ವಾಪಸ್ ಕಳಿಸುತ್ತಿತ್ತು.

2010ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾದ ಈ ಆರ್ಕಿಟೆಕ್ಚರ್ ನಮಗೆ ಹೊರಗಿನದಾಗಿ ಉಳಿದಿಲ್ಲ. ಮದ್ರಾಸ್ ಐಐಟಿಯ ಶಕ್ತಿ, ಸಿ-ಡ್ಯಾಕ್‌ನ ವೇಗ ಪ್ರೊಸೆಸರುಗಳು ಇದರ ಮೇಲೇ ನಿಂತಿವೆ. ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಲ್ಲಿ ಡಿಜಿಟಲ್ ಇಂಡಿಯಾ ರಿಸ್ಕ್-ಫೈವ್ ಕಾರ್ಯಕ್ರಮವನ್ನೂ ಘೋಷಿಸಿತು. ಸುದ್ದಿಯಾಗೋದು ಮಾತ್ರ ಚಿಪ್. ಅದರ ಮೇಲೆ ಓಡುವ ಪ್ರತಿ ಪ್ರೋಗ್ರಾಮೂ ಹಾದುಹೋಗುವ ಲಿಂಕರಿಗೆ ಹಣ, ಜನ ಎಷ್ಟು ಅಂತ ಕೇಳುವವರು ಕಡಿಮೆ.

ಲಿಂಕರ್ ಬಗ್ ಸರಿಮಾಡಲು ಬೋರ್ಡೇ ಬೇಕು ಅಂತಿಲ್ಲ. ಯಾವುದೇ ಲ್ಯಾಪ್‌ಟಾಪಿನಲ್ಲಿ ಕ್ರಾಸ್ ಕಂಪೈಲರ್, ಓಡಿಸಿ ನೋಡಲು ಕ್ಯೂಇಎಂಯು ಇದ್ದರೆ ಸಾಕು. ದೊಡ್ಡ ಪ್ರೋಗ್ರಾಮನ್ನು ಕಡಿಮೆ ಮಾಡುತ್ತಾ ಬಂದು, ತಪ್ಪು ಕಾಣಿಸುವ ಹತ್ತಾರು ಸಾಲಿನ ಅಸೆಂಬ್ಲಿ ಫೈಲಿಗೆ ಇಳಿಸೋದೇ ಅರ್ಧ ಕೆಲಸ. ಆ ಫೈಲು ತೇಪೆಯ ಜೊತೆಗೇ ಲಿಂಕರ್‌ನ ಪರೀಕ್ಷೆಗಳ ಫೋಲ್ಡರಿಗೆ ಸೇರಬೇಕು. ಇಲ್ಲದಿದ್ದರೆ ಮುಂದಿನ ವರ್ಷ ಇನ್ಯಾರೋ ಮತ್ತೆ ನಾಲ್ಕು ಬೈಟು ಉಳಿಸಲು ಹೋಗಿ ಅದೇ ಎರರ್ ವಾಪಸ್ ತರುತ್ತಾರೆ.