ಪೊಣೆಯಿಂದ ಪ್ಯಾರಿಸ್‌ವರೆಗೆ

ಊರಲ್ಲಿ ಸಾಲ ಕೊಡುವವನು ಮೊದಲು ಕೇಳುವುದು ‘ಹೊಣೆ ಯಾರು?’ ಎಂದು. ಬಡ್ಡಿಯ ಮಾತು ಆಮೇಲೆ. ಹಳಗನ್ನಡದಲ್ಲಿ ಇದು ‘ಪೊಣೆ’. ಪಾಲ್ ಹಾಲಾದಂತೆ ಪೊಣೆ ಹೊಣೆಯಾಯಿತು. ತಮಿಳಿನಲ್ಲಿ ಇದರ ಒಡಹುಟ್ಟು ‘ಪುಣೈ’. ಅದಕ್ಕೆ ಬೇಡಿ, ಜಾಮೀನು ಎಂಬ ಅರ್ಥಗಳಿರುವಂತೆ ತೆಪ್ಪ ಎಂದೂ ಇದೆ. ಕೈಗೆ ಬಿಗಿದರೆ ಬೇಡಿ, ಮರಕ್ಕೆ ಬಿಗಿದರೆ ತೆಪ್ಪ. ಒಳಗಿರುವುದು ಕಟ್ಟುವ ಅರ್ಥವೇ. ಇಂದು ಕೋರ್ಟಿನಲ್ಲಿ ಆ ಕೆಲಸ ಅರಬ್ಬಿ ಮೂಲದ ಜಾಮೀನಿನದು. ಹೊಣೆ ಹೆಚ್ಚಾಗಿ ಜವಾಬ್ದಾರಿಯಾಗಿ ಓಡಾಡುತ್ತದೆ.

1992ರ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದ ನಿಂತಿದ್ದು ಇದೇ ಮಾತಿನ ಮೇಲೆ: ಹೊಣೆ ಎಲ್ಲರದೂ ಹೌದು, ಆದರೆ ಒಂದೇ ತೂಕದ್ದಲ್ಲ. ಭಾರತ, ಚೀನಾ, ಬ್ರೆಜಿಲ್‌ಗಳು ಇದನ್ನು ಪಟ್ಟಾಗಿ ಹಿಡಿದುಕೊಂಡವು. ಅವರ ವಾದ ನಮ್ಮ ಊರಿನದೇ. ಇನ್ನೂರು ವರ್ಷ ಕಲ್ಲಿದ್ದಲು ಸುಟ್ಟು ಸಾಲ ಮಾಡಿದವರು ಶ್ರೀಮಂತ ದೇಶದವರು, ಹೊಣೆ ನಿಲ್ಲಬೇಕಾದವರು ನಾವೇ?

2009ರ ಡಿಸೆಂಬರ್‌ನಲ್ಲಿ, ಹವಾಮಾನ ಸಭೆಯ ವೇಳೆ, ಕೋಪನ್‌ಹೇಗನ್‌ನ ಒಂದು ಕೋಣೆಯಲ್ಲಿ ಮನಮೋಹನ್ ಸಿಂಗ್, ವೆನ್ ಜಿಯಾಬಾವೊ, ಲೂಲಾ, ಜೇಕಬ್ ಜುಮಾ ಮಾತಾಡುತ್ತಿದ್ದರು. ದಕ್ಷಿಣ ಆಫ್ರಿಕಾವೂ ಸೇರಿ ಈ ನಾಲ್ಕು ದೇಶಗಳ ಕೂಟಕ್ಕೆ ‘ಬೇಸಿಕ್’ ಎಂದು ಹೆಸರು. ಬಾಗಿಲು ತೆರೆದು ಒಳಗೆ ಬಂದವರು ಒಬಾಮಾ. ಅಲ್ಲಿ ಕುದುರಿದ ಒಪ್ಪಂದ ಯಾರನ್ನೂ ಕಾನೂನಿನಿಂದ ಕಟ್ಟಲಿಲ್ಲ. ಕಟ್ಟೇ ಇಲ್ಲದ್ದನ್ನು ಪೊಣೆ ಎನ್ನಲು ಹಳಬರು ಒಪ್ಪುತ್ತಿದ್ದರೇ, ಅನುಮಾನ. ಆದರೆ ಉದಯೋನ್ಮುಖ ದೇಶಗಳನ್ನು ಬಿಟ್ಟು ಇನ್ನು ಮಾತುಕತೆ ಮುಗಿಯದು ಎಂಬುದಂತೂ ಅಂದು ಖಚಿತವಾಯಿತು.

ಅದಾದ ಮೇಲೆ ವಾದ ಸಡಿಲವಾಗಿದೆ. ಚೀನಾ ಇಂದು ಜಗತ್ತಿನಲ್ಲೇ ಅತಿ ಹೆಚ್ಚು ಇಂಗಾಲ ಉಗುಳುವ ದೇಶ. ಹಳೆಯ ಸಾಲಗಾರರನ್ನಷ್ಟೇ ತೋರಿಸಿ ಅದು ಜಾರಿಕೊಳ್ಳುವಂತಿಲ್ಲ. ತಲಾ ಲೆಕ್ಕದಲ್ಲಿ ಜಗತ್ತಿನ ಸರಾಸರಿಗಿಂತ ಬಹಳ ಕೆಳಗಿರುವ ಭಾರತಕ್ಕೆ ಆ ವಾದ ಇನ್ನೂ ಒಪ್ಪುತ್ತದೆ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂರುವುದು ನನಗೇಕೋ ಸರಿಕಾಣುವುದಿಲ್ಲ.

2015ರ ಪ್ಯಾರಿಸ್ ಒಪ್ಪಂದ ‘ಭಿನ್ನ ಹೊಣೆ’ಯನ್ನು ಉಳಿಸಿಕೊಂಡು, ಅದಕ್ಕೆ ‘ದೇಶದೇಶದ ಪರಿಸ್ಥಿತಿಗೆ ತಕ್ಕಂತೆ’ ಎಂಬ ಬಾಲ ಕಟ್ಟಿತು. ಅದೇ ಸಭೆಯ ತೀರ್ಮಾನದ 51ನೆಯ ಕಂಡಿಕೆ ಇನ್ನೊಂದು ಮಾತು ಹೇಳುತ್ತದೆ: ಹವಾಮಾನದಿಂದಾದ ಹಾನಿ-ನಷ್ಟದ ವಿಧಿಯನ್ನು ಹಿಡಿದು ಯಾರೂ ಲಯಬಿಲಿಟಿಯನ್ನಾಗಲಿ ಪರಿಹಾರವನ್ನಾಗಲಿ ಕೇಳುವಂತಿಲ್ಲ. ರೆಸ್ಪಾನ್ಸಿಬಿಲಿಟಿ ಉಂಟು, ಲಯಬಿಲಿಟಿ ಇಲ್ಲ. ಇಂಗ್ಲಿಷಿನಲ್ಲಿ ಇದು ಸಲೀಸು. ಕನ್ನಡಕ್ಕೆ ತರಲು ಕೂತವರು ‘ಬಾಧ್ಯತೆ’ ಎಂದು ಬರೆದು ದಾಟಬಹುದು. ಸಾಲ ಕೊಟ್ಟವನ ಕಿವಿಗೆ ಮಾತ್ರ ಎರಡೂ ಹೊಣೆಯೇ.